ಎಡಮೊಣಕಾಲಿನ ಸಾಕ್ಷಿ

ಬಸ್ಸು ಹತ್ತುವ ಮೊದಲು ಸುವರ್ಣಾ ಸುತ್ತಮುತ್ತ ಒಮ್ಮೆ ಕಣ್ಣಾಡಿಸಿದಳು. ಚರ್ಚಿನ ಸಭೆಯವರು ಯಾರೂ ಇಲ್ಲದಿದ್ದರೆ ಬಾಗಿಲಿನ ಕಂಬಿ ಹಿಡಿದು, ಬಲಗಾಲು ಮೊದಲಿಟ್ಟು, "ಯಪ್ಪಾ" ಎಂದು ಉಸಿರು ಬಿಟ್ಟು, ಎಡಗಾಲನ್ನು ಹಟಮಾರಿ ಕರುವಿನಂತೆ ಹಿಂದಿನಿಂದ ಎಳೆದುಕೊಂಡು ಹತ್ತಬಹುದಿತ್ತು. ಯಾರಾದರೂ ಇದ್ದರೆ ಹಾಗಿಲ್ಲ. ಆಗ ಹದಿನೆಂಟರ ಹುಡುಗಿಯಂತೆ ಟಣ್ಣನೆ ಹತ್ತಬೇಕು, ಹತ್ತಿದ ಮೇಲೆ ನಗಬೇಕು. ವಿಜಯಪುರದ ಜೋರಾಪುರ ಪೇಟೆಯ ಮನೆಯಿಂದ ನಿಲ್ದಾಣದವರೆಗೆ ಅವಳು ಬೇಕಾದಷ್ಟು ಕುಂಟಿಕೊಂಡೇ ಬಂದಿದ್ದಳು. ಆ ಓಣಿಗಳಲ್ಲಿ ಸಭೆಯವರ ಮನೆ ಒಂದೂ ಇಲ್ಲ, ಅದೂ ದೇವರ ದಯೆಯೇ ಎಂದು ಈಚೆಗೆ ಅಂದುಕೊಳ್ಳುತ್ತಿದ್ದಳು. ಆದರೆ ಇವತ್ತು ತಿಕೋಟಾ ಬಸ್ಸಿನ ಬಾಗಿಲಿಗೆ ಸರಿಯಾಗಿ ಸಭೆಯ ಹಿರಿಯರಾದ ದಶರಥಣ್ಣ ನಿಂತಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಉದ್ದನೆಯ ಕರಿ ಕೊಡೆ. ಮಳೆಯ ಸುಳಿವೇ ಇಲ್ಲದ ತಿಂಗಳು. ಎಷ್ಟು ಬಿಸಿಲಿದ್ದರೂ ಆ ಕೊಡೆಯನ್ನು ಅವರು ಬಿಡಿಸಿದ್ದನ್ನು ಯಾರೂ ನೋಡಿರಲಿಲ್ಲ.

"ಹತ್ತವಾ ಸುವರ್ಣಾ, ಹತ್ತು. ನೀ ಹತ್ತೂದು ನೋಡೂದ ಒಂದು ಖುಷಿ," ಎಂದು ಅವರು ಕಂಡಕ್ಟರನ ಕಡೆ ತಿರುಗಿದರು. "ನೋಡಪಾ, ಈಕಿಗೆ ಮೂರು ವರ್ಷದ ಮೊಣಕಾಲ ನೋವು. ಒಂದ ಪ್ರಾರ್ಥನಾಕ್ಕ ಹೋತು. ಈಗ ಹೆಂಗ ಹತ್ತತಾಳ ನೋಡು."

"ಹಂಗಾರ ಈ ಬಸ್ಸಿಗೂ ಒಂದೀಟು ಪ್ರಾರ್ಥನಾ ಮಾಡ್ರಿ ಅಕ್ಕಾರ. ಗೇರ ಬೀಳವಲ್ದು," ಅಂದ ಕಂಡಕ್ಟರ.

ಸುವರ್ಣಾ ಟಣ್ಣನೆ ಹತ್ತಿದಳು. ಮೊಣಕಾಲಿನೊಳಗೆ ಯಾರೋ ಒಣಮೆಣಸಿನಕಾಯಿ ಮುರಿದು ತಿಕ್ಕಿದ ಹಾಗಾಯಿತು. ನಕ್ಕಳು. ದಶರಥಣ್ಣ ಕೆಳಗಿನಿಂದಲೇ ಕೈ ಎತ್ತಿ, "ಸಂಜಿಕ್ಕ ಬಬಲೇಶ್ವರದಾಗ ಸಿಗೂಣು. ಇವತ್ತ ಸಾಕ್ಷಿ ನಿಂದ. ಸೋನಾಬಾಯಿ ಕಾಲ ಮ್ಯಾಲ ಕೈ ಇಟ್ಟು ನೀನ ಪ್ರಾರ್ಥನಾ ಮಾಡಬೇಕಂತ. ಪಾಸ್ಟರ ಬ್ಯಾಡಂತ ಆಕಿಗೆ, ನೀನ ಬೇಕಂತ!" ಎಂದು ಕೂಗಿ ಹೇಳಿದರು. ನಿಲ್ದಾಣದಲ್ಲಿದ್ದ ನಾಲ್ಕು ಮಂದಿ ಅವಳತ್ತ ತಿರುಗಿ ನೋಡಿದರು. ಸುವರ್ಣಾ ಕಿಟಕಿಯ ಪಕ್ಕದ ಸೀಟಿನಲ್ಲಿ ಕುಸಿದು, ಬ್ಯಾಗಿನ ಕೆಳಗೆ ಮೊಣಕಾಲನ್ನು ಒತ್ತಿ ಹಿಡಿದುಕೊಂಡಳು.

ಬಸ್ಸು ಊರು ದಾಟಿತು. ಕಂಡಕ್ಟರ ಕೇಳುವ ಮೊದಲೇ ಅವಳು ಆಧಾರ ಕಾರ್ಡು ತೋರಿಸಿ ಪುಕ್ಕಟೆ ಟಿಕೀಟು ಇಸಿದುಕೊಂಡು ಮುಷ್ಟಿಯಲ್ಲಿ ಮಡಚಿಟ್ಟುಕೊಂಡಳು. ಏಪ್ರಿಲ್ಲಿನ ಮುಂಜಾನೆಯ ಗಾಳಿ ಇನ್ನೂ ಬಿಸಿಯಾಗಿರಲಿಲ್ಲ. ಹಿತವಾಗಿ ಕಿವಿಗೆ ತಾಗುತ್ತಿತ್ತು. ಸಂಜೆ ಇದನ್ನೇ ಹೇಳಿದರೆ ಹೇಗೆ, ಎಂದು ಒಂದು ಕ್ಷಣ ಅನ್ನಿಸಿತು: ಕಿಟಕಿ ಪಕ್ಕದ ಸೀಟು ಸಿಕ್ಕಿತು, ಸ್ತೋತ್ರ. ಅನ್ನಿಸಿದ್ದೇ ತನಗೇ ನಾಚಿಕೆಯಾಯಿತು. ಇದೆಂಥ ಸಾಕ್ಷಿ? ಸಭೆಯಲ್ಲಿ ಸಾಕ್ಷಿ ಎಂದರೆ ಎದ್ದು ನಿಂತು, ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳಿ, ಸ್ತೋತ್ರ ಎಂದು ಕೂರುವುದು. ಒಬ್ಬನ ಲಾರಿ ಮೂರು ಪಲ್ಟಿ ಹೊಡೆದರೂ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಒಬ್ಬಳ ಕೂಸು ಮೂರು ದಿನ ಕಣ್ಣು ಮುಚ್ಚಿಕೊಂಡಿದ್ದು ನಾಲ್ಕನೆಯ ದಿನ ಅವ್ವಾ ಅಂದಿತ್ತು. ಅಂಥವರ ನಡುವೆ ಸುವರ್ಣಾ ಹನ್ನೊಂದು ವರ್ಷ ಒಂದೇ ಮಾತು ಹೇಳಿಕೊಂಡು ಬಂದಿದ್ದಳು: "ಇಲ್ಲಿ ತನಕ ದೇವರು ನಡೆಸಿದ, ಮುಂದೂ ನಡಸ್ತಾನ, ಸ್ತೋತ್ರ." ಹೊಸ ವರ್ಷದ ಆರಾಧನೆಯಲ್ಲಿ ಅವಳು ಎದ್ದು ನಿಂತು "ಇಲ್ಲಿ ತನಕ" ಅನ್ನುತ್ತಿದ್ದಂತೆ, ಹಿಂದಿನ ಸಾಲಿನಲ್ಲಿ ಹಾಡುವ ಹುಡುಗಿ ಮೇಘಾ ಪಿಸುದನಿಯಲ್ಲಿ ಉಳಿದದ್ದನ್ನೆಲ್ಲ ಅವಳಿಗಿಂತ ಮೊದಲೇ ಮುಗಿಸಿಬಿಟ್ಟಳು. ಇಬ್ಬರು ಕಿಸಕ್ಕೆಂದರು. ಕೆಟ್ಟ ಮನಸ್ಸಿನಿಂದ ಅಲ್ಲ, ಹುಡುಗಿಯರು. ಆದರೂ ಸುವರ್ಣಾಳ ಕಿವಿ ಕಾದವು. ಹೇಳಬೇಕಾದ ಮಾತು ಬಾಯಿಯಲ್ಲೇ ಸತ್ತುಹೋಗಿ, ಆ ಜಾಗಕ್ಕೆ ಬೇರೊಂದು ಮಾತು ಬಂದು ಕೂತಿತು: "ನನ್ನ ಮೊಣಕಾಲ ನೋವು ಪ್ರಾರ್ಥನಾದಿಂದ ಹೋತು."

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ, ಅದೇ ಕಷ್ಟ. ಹಿಂದಿನ ದಿನವಷ್ಟೇ ಡಾಕ್ಟರು ಮೊಣಕಾಲಿಗೆ ಇಂಜೆಕ್ಷನ್ ಕೊಟ್ಟಿದ್ದರು. ಅವತ್ತು ನೋವು ನಿಜಕ್ಕೂ ಇರಲಿಲ್ಲ. ಪ್ರಾರ್ಥನೆಯನ್ನೂ ಮಾಡಿದ್ದಳು, ಸೂಜಿ ಚುಚ್ಚುವಾಗ. ಹೇಳದೆ ಬಿಟ್ಟಿದ್ದು ಸೂಜಿಯನ್ನು ಮಾತ್ರ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮೇಘಾ ಕೂಡ ತಟ್ಟಿದಳು, ಕಣ್ಣರಳಿಸಿ. ಆ ಚಪ್ಪಾಳೆ ಬಹಳ ರುಚಿಯಾಗಿತ್ತು ಎಂಬುದನ್ನು ಸುವರ್ಣಾ ತನ್ನಿಂದ ಮುಚ್ಚಿಡಲು ಹೋಗಲಿಲ್ಲ. ನಾಲ್ಕು ದಿನಕ್ಕೆ ನೋವು ತಿರುಗಿ ಬಂದು ತನ್ನ ಜಾಗದಲ್ಲಿ ಕೂತಿತು. ಅಷ್ಟು ಹೊತ್ತಿಗೆ ದಶರಥಣ್ಣ ಮೂರು ಊರಲ್ಲಿ ಸುದ್ದಿ ಹೇಳಿ ಮುಗಿಸಿದ್ದರು. ಅಲ್ಲಿಂದ ಚರ್ಚಿನಲ್ಲಿ ಅವಳಿಗೆ ಕಾಲುನೋವಿನವರು ಕೂರುವ ಗೋಡೆಯ ಪಕ್ಕದ ಬೆಂಚು ಇಲ್ಲ; ಎಲ್ಲರಂತೆ ಚಾಪೆ, ಎಲ್ಲರಂತೆ ಮೊಣಕಾಲೂರುವುದು. ಊರುವಾಗ ಹಲ್ಲು ಕಚ್ಚಿದರೆ ನೋಡಿದವರು ಭಕ್ತಿ ಅಂದುಕೊಳ್ಳುತ್ತಿದ್ದರು. ದಿನಾ ಮುಂಜಾನೆ ಎಣ್ಣೆ ಬಿಸಿ ಮಾಡಿ ತಿಕ್ಕುವ ಗಂಡ ರಾಜಾರಾಮ ಮಾತ್ರ, "ದೇವರ ಮುಂದ ನಾಟಕ ನಿಂದು, ತಿಕ್ಕೋ ಪಾಳಿ ನಂದು," ಅನ್ನುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ಅವಳು ಹೇಗೋ ನಡೆದುಕೊಂಡು ಹೋಗುತ್ತಿದ್ದಳು, ಕುಂಟದೆ. ಆದರೆ ಹೋದ ವಾರ ಬಬಲೇಶ್ವರದಿಂದ ಸೋನಾಬಾಯಿ ಫೋನು ಮಾಡಿದ್ದಳು. ಅರವತ್ತೈದು ದಾಟಿದ ಹೆಣ್ಣುಮಗಳು, ಎರಡೂ ಮೊಣಕಾಲು ಹೋದವಳು. "ಸುವರ್ಣಾ, ಒಂದ ಮಾತು ಕೇಳ್ತೀನಿ, ಖರೆ ಹೇಳು. ಶುಕ್ರವಾರ ಶುಕ್ರವಾರ ಉಪವಾಸ ಮಾಡೀನಿ. ಗುಳಿಗಿನೂ ಬಿಟ್ಟೀನಿ, ಗುಳಿಗಿ ನುಂಗಿದ್ರ ದೇವರ ಮ್ಯಾಲ ನಂಬಿಕಿ ಇಲ್ಲಧಂಗ ಆಕ್ಕೈತಿ ಅಂತ. ನಿನ್ನ ಪ್ರಾರ್ಥನಾ ಕೇಳಿದ ದೇವರು ನಂದ್ಯಾಕ ಕೇಳವಲ್ಲ? ನಾ ಅಂಥಾದ್ದು ಏನ ಮಾಡೀನಿ?" ಸುವರ್ಣಾ ಅಡಿಗೆಮನೆಯಲ್ಲಿ ನಿಂತು, ಕೈಯಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡು, "ಪ್ರಾರ್ಥನಾ ಬಿಡಬ್ಯಾಡ್ರಿ ಅಕ್ಕಾ," ಎಂದು ಹೇಳಿ ಫೋನು ಇಟ್ಟುಬಿಟ್ಟಿದ್ದಳು. ಆ ಹೊತ್ತಿನಿಂದ ಆ ಪ್ರಶ್ನೆ ಅವಳ ಜೊತೆಗೇ ಇತ್ತು. ರೊಟ್ಟಿ ತಟ್ಟಿದರೆ ಅದೇ, ತಲೆ ಬಾಚಿದರೆ ಅದೇ. ನಾ ಅಂಥಾದ್ದು ಏನ ಮಾಡೀನಿ. ಏನೂ ಮಾಡಿಲ್ಲ ಅಕ್ಕಾ, ಮಾಡಿದ್ದು ನಾನು, ಎಂದು ಹೇಳಲು ಒಂದು ನಿಮಿಷ ಸಾಕಿತ್ತು. ಒಂದು ವಾರವಾದರೂ ಆ ಒಂದು ನಿಮಿಷ ಅವಳ ಕೈಗೆ ಸಿಕ್ಕಿರಲಿಲ್ಲ.

ತಿಕೋಟಾದಲ್ಲಿ ಇಳಿದಾಗ ಸಭೆಯವರು ಯಾರೂ ಇರಲಿಲ್ಲ. ಸುವರ್ಣಾ ಕುಂಟಿದಳು. ಕುಂಟುವುದು ಇಷ್ಟು ಸುಖವೆಂದು ಈ ನಾಲ್ಕು ತಿಂಗಳಲ್ಲಿ ಅವಳಿಗೆ ಗೊತ್ತಾಗಿತ್ತು. ಕಾಲು ತನಗೆ ಬೇಕಾದಂತೆ ಹೋಗುತ್ತದೆ, ಮುಖ ತನಗೆ ಬೇಕಾದಂತೆ ಇರುತ್ತದೆ. ದಾರಿಯ ಎರಡೂ ಬದಿ ದ್ರಾಕ್ಷಿ ತೋಟ; ಕೊಯ್ಲು ಮುಗಿದು, ಒಣಗಿಸುವ ಶೆಡ್ಡುಗಳ ಹಸಿರು ಪರದೆ ಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಅವಳು ಕೆಲಸ ಮಾಡುವ ಗೋದಾಮಿನ ಬಾಗಿಲಲ್ಲೇ ಮಣೂಕದ, ಅಂದರೆ ಒಣದ್ರಾಕ್ಷಿಯ ವಾಸನೆ, ಸಿಹಿಗೂ ಹುಳಿಗೂ ನಡುವಿನದು, ಸೀರೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗದು. ಒಳಗೆ ಹೆಂಗಸರು ಆಗಲೇ ರಾಶಿಗಳ ಸುತ್ತ ಕೂತಿದ್ದರು. ಕಡ್ಡಿ ತೆಗೆಯಬೇಕು, ಕರಿದಾದದ್ದನ್ನು ಬೇರೆ ಹಾಕಬೇಕು, ಹೊಂಬಣ್ಣದ್ದು ಒಂದು ಕಡೆ, ಹಸಿರು ಇನ್ನೊಂದು ಕಡೆ. ಸುವರ್ಣಾಳ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕ್ರೇಟು ಬೋರಲಾಗಿ ಕಾದಿತ್ತು, ಮೇಲೆ ಮಡಚಿದ ಗೋಣಿಚೀಲ. ಪಕ್ಕದಲ್ಲಿ ಕೂರುವ ಮಾಲಾ ದಿನಾ ಅದನ್ನು ಇಟ್ಟಿರುತ್ತಾಳೆ. ಘೋಣಸಗಿಯಿಂದ ಬರುವವಳು, ಎಲ್ಲರಿಗಿಂತ ಮೊದಲು ಬರುತ್ತಾಳೆ. ತಡವಾದರೆ ಕ್ರೇಟುಗಳೆಲ್ಲ ಲೋಡಿಗೆ ಹೋಗಿಬಿಡುತ್ತವೆ.

"ಬಂದಳವಾ ಕುಂಟೆವ್ವ," ಅಂದಳು ಮಾಲಾ. "ನಿಮ್ಮ ದೇವರ ಮುಂದ ಓಡ್ತಿ, ನಮ್ಮ ಮುಂದ ಕುಂಟತಿ. ಒಂದ ದಿನ ಅದಲಾಬದಲಿ ಮಾಡಿ ನೋಡು."

"ಸುಮ್ಮ ಕೂಡ ಬೇ. ಸಂಜಿಕ್ಕ ನಂದು ಮರ್ಯಾದಿ ಹೋಗೂದೈತಿ."

"ಏನಾತು?"

ಮಾಲಾ ಬೌದ್ಧರ ಪೈಕಿಯವಳು. ಸಭೆಗೆ ಸಂಬಂಧವಿಲ್ಲದವಳು ಎಂಬ ಕಾರಣಕ್ಕೇ ಸುವರ್ಣಾ ಅವಳಿಗೆ ಮೊದಲೇ ಎಲ್ಲವನ್ನೂ ಹೇಳಿಕೊಂಡಿದ್ದಳು. ಈಗ ಉಳಿದದ್ದನ್ನೂ ಹೇಳಿದಳು: ಸೋನಾಬಾಯಿ ಗುಳಿಗೆ ಬಿಟ್ಟದ್ದು, ಇವತ್ತು ಅವಳ ಕಾಲಮೇಲೆ ತಾನು ಕೈ ಇಡಬೇಕಾದದ್ದು. ಮಾಲಾಳ ಬೆರಳು ಮಣೂಕದ ಮೇಲೆ ನಿಲ್ಲಲಿಲ್ಲ.

"ಆ ಮುದುಕಿ ಗುಳಿಗಿ ಬಿಟ್ಟಾಳಂದ್ರ ನೀ ಹೇಳಬೇಕಾಕ್ಕೈತಿ."

"ಏನಂತ ಹೇಳ್ಲಿ? ಎಲ್ಲಾರೂ ಇರ್ತಾರ. ಸಾಕ್ಷಿ ಅಂದ್ರ ಸಣ್ಣದಲ್ಲ. ದೇವರ ಹೆಸರೀಲೆ ಸುಳ್ಳು ಹೇಳ್ಯಾಳ ಅಂತಾರ. ಇನ್ನ ಸಾಯೂತನಕ ನಾ ಏನ ಹೇಳಿದ್ರೂ ನಂಬಂಗಿಲ್ಲ."

"ನೋಡು, ನಮ್ಮ ಮನ್ಯಾಗ ಬುದ್ಧ ಕಾಲ ಮಡಚಿಕೊಂಡ ಕುಂತಾನ. ಮೊಣಕಾಲ ಸುದ್ದಿ ಅವಗ ಭಾಳ ಗೊತ್ತಿರಬೇಕು. ನಾ ಅವಗ ಒಂದ ಮಾತು ಹೇಳಿರ್ತೀನಿ," ಎಂದು ಮಾಲಾ ನಗದೆ ಹೇಳಿದಳು. ಆಮೇಲೆ ಇಬ್ಬರೂ ನಕ್ಕರು. ಆಚೆಯ ರಾಶಿಯವರು ಏನು ಏನು ಎಂದು ಕೇಳಿದರೂ ಹೇಳಲಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚಿದರು. ಮಾಲಾಳ ಶೇಂಗಾ ಹಿಂಡಿ, ಸುವರ್ಣಾಳ ರೊಟ್ಟಿ, ಯಾರದೋ ಉಳ್ಳಾಗಡ್ಡಿ, ಮಣ್ಣಿನ ಗಡಿಗೆಯ ನೀರು. ಬಾಯಿ ಮುಚ್ಚಿ ಜಗಿಯುತ್ತಲೇ ಸುವರ್ಣಾ ತನ್ನ ಬದುಕನ್ನು ಜಾಲಾಡಿದಳು. ಒಂದು ದೊಡ್ಡ ಉಪಕಾರ ಸಿಕ್ಕರೆ ಸಾಕು, ಸಂಜೆ ಅದನ್ನು ಹೇಳಿ ಮೊಣಕಾಲಿನ ಮಾತನ್ನು ದಾಟಿಸಿಬಿಡಬಹುದು. ಸಿಗಲಿಲ್ಲ. ಬೆಂಕಿ ಬಿದ್ದಿಲ್ಲ, ಹಾವು ಕಚ್ಚಿಲ್ಲ. ಒಮ್ಮೆ ಬಾವಿಗೆ ಬೀಳುವವಳಿದ್ದಳು. ಬೀಳಲಿಲ್ಲ, ಯಾಕೆಂದರೆ ಬಾವಿಯ ಹತ್ತಿರ ಹೋಗಲಿಲ್ಲ. ಹೀಗೆ ಹುಡುಕುತ್ತಿರುವಾಗ ಗಡಿಗೆಯ ನೀರು ಗಂಟಲಲ್ಲಿ ತಣ್ಣಗೆ ಇಳಿಯಿತು, ಹಿಂಡಿಯ ಖಾರಕ್ಕೆ ಮೂಗಿನಲ್ಲಿ ನೀರು ಬಂತು, ಫ್ಯಾನು ಒಂದು ಸುತ್ತು ಅವಳ ಕಡೆ ತಿರುಗಿ ಹೋಯಿತು. ಅವಳು ಅದನ್ನೆಲ್ಲ ಪಕ್ಕಕ್ಕೆ ಸರಿಸಿದಳು, ಕಡ್ಡಿ ಸರಿಸಿದ ಹಾಗೆ, ಇನ್ನೂ ದೊಡ್ಡದು ಬೇಕಾಗಿತ್ತು.

ನಾಲ್ಕಕ್ಕೆ ಬಿಟ್ಟರು. ಮಾಲಾ ಅವಳ ಸೆರಗಿಗೆ ಒಂದು ಮುಷ್ಟಿ ಕರಿ ಮಣೂಕ ಕಟ್ಟಿ, "ಮುದುಕಿಗೆ ಕೊಡು. ಮಾಲಕರನ್ನ ಕೇಳೀನಿ, ಒಯ್ಯಿರಿ ಅಂದಾರ. ಬಣ್ಣ ಕೆಟ್ಟೈತಿ, ರುಚಿ ಕೆಟ್ಟಿಲ್ಲ," ಅಂದಳು. ಬಬಲೇಶ್ವರದ ಬಸ್ಸು ತುಂಬಿತ್ತು. ಕಂಬಿ ಹಿಡಿದು ಒಂದೇ ಕಾಲಿನ ಮೇಲೆ ನಿಂತು ಹೋಗುವಾಗ, ಬಸ್ಸು ಕೆಟ್ಟು ನಿಲ್ಲಲಿ ಎಂದು ಅವಳು ಪ್ರಾರ್ಥಿಸಿದಳು. ಮುಂಜಾನೆಯ ಕಂಡಕ್ಟರನ ನೆನಪಾಗಿ ನಗು ಬಂತು. ಬಸ್ಸು ಕೆಡಲಿಲ್ಲ. ಐದು ನಿಮಿಷ ಮೊದಲೇ ತಲುಪಿಸಿತು.

ಸೋನಾಬಾಯಿಯ ಮನೆ ಒಂದೇ ಪಡಸಾಲೆಯದು. ಹತ್ತು-ಹನ್ನೆರಡು ಮಂದಿ ಚಾಪೆಯ ಮೇಲೆ ಕೂತಿದ್ದರು. ಗೋಡೆಗೆ ಒಂದು ಕೆಂಪು ಕುರ್ಚಿ, ಮನೆಯಲ್ಲಿ ಇದ್ದದ್ದೇ ಅದೊಂದು, ಪಾಸ್ಟರ್ ಪ್ರತಾಪರಿಗೆ. ಅವರು ಇನ್ನೂ ಎಳೆಯರು, ಮೂವತ್ತೂ ತುಂಬಿರಲಿಲ್ಲ. ಅಜ್ಜಿಯಂದಿರು ಚಾಪೆಯ ಮೇಲಿರುವಾಗ ಕುರ್ಚಿಯಲ್ಲಿ ಕೂರಲು ಸಂಕೋಚಪಡುತ್ತಿದ್ದುದು ಅವರು ಅಂಚಿಗೆ ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ದಶರಥಣ್ಣ ಬಾಗಿಲ ಹತ್ತಿರ ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಸೋನಾಬಾಯಿ ಮಧ್ಯದಲ್ಲಿ ಎರಡೂ ಕಾಲು ನೀಡಿಕೊಂಡು ಕೂತವಳು, ಸುವರ್ಣಾಳನ್ನು ಕಂಡದ್ದೇ ತನ್ನ ಪಕ್ಕದ ಚಾಪೆ ತಟ್ಟಿದಳು. "ಬಾ, ಬಾ. ಮುಂಜಾನಿಂದ ಹಾದಿ ಕಾಯಾಕತ್ತೇನಿ." ಮುಖ ಇಳಿದುಹೋಗಿತ್ತು. ಪಾದ ಊದಿದ್ದವು. ಸುವರ್ಣಾ ಸರಾಗವಾಗಿ ಕೆಳಗೆ ಕೂತಳು, ಕೂತ ರಭಸಕ್ಕೆ ಮೊಣಕಾಲು ಕಟಕ್ಕೆಂದಿತು. ಯಾರಿಗೂ ಕೇಳಲಿಲ್ಲ, ಅವಳಿಗೆ ಮಾತ್ರ ಗೋಡೆ ಬಿರಿದಷ್ಟು ಜೋರಾಗಿ ಕೇಳಿತು.

ಬಾಗಿಲ ಕಡೆ ಕೂತಿದ್ದ ಮೇಘಾ ಎತ್ತಿಕೊಟ್ಟ ಹಾಡಾಯಿತು. ಪಾಸ್ಟರ್ ಎರಡು ಮಾತು ಹೇಳಿದರು: ಯೇಸುಸ್ವಾಮಿ ದಾರಿ ನಡೆದು ದಣಿದು ಊರ ಹೊರಗಿನ ಬಾವಿಯ ಹತ್ತಿರ ಕೂತದ್ದು, ನೀರಿಗೆ ಬಂದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳಿದ್ದು. ಸುವರ್ಣಾ ಇದನ್ನು ನೂರು ಸಲ ಕೇಳಿದ್ದಳು. ಪ್ರತಿ ಸಲವೂ ಅವಳ ಮನಸ್ಸು ಆ ಹೆಂಗಸಿನ ಕೊಡದ ಹಿಂದೆ ಹೋಗುತ್ತಿತ್ತು. ಇವತ್ತು ಕೂತವನ ಹತ್ತಿರವೇ ನಿಂತುಬಿಟ್ಟಿತು. ಬಿಸಿಲು. ಧೂಳು ಹಿಡಿದ ಕಾಲು. ದಣಿದಿದ್ದ, ಅದಕ್ಕೆ ಕೂತ. ಜೊತೆಯವರು ಏನೆಂದುಕೊಳ್ಳುತ್ತಾರೋ ಎಂದು ನೋಡಲಿಲ್ಲ. ಕುರುಡರಿಗೆ ಕಣ್ಣು ಕೊಟ್ಟವನು ತನ್ನ ಕಾಲಿನ ದಣಿವನ್ನು ಮುಚ್ಚಿಡಲಿಲ್ಲ, ಗುರುತಿಲ್ಲದವಳ ಹತ್ತಿರ ನೀರು ಕೇಳಲು ನಾಚಲಿಲ್ಲ. ಮತ್ತೆ ನಾನು ಯಾರಿಗಿಂತ ದೊಡ್ಡವಳೆಂದು ಟಣ್ಣನೆ ಬಸ್ಸು ಹತ್ತುತ್ತಿದ್ದೇನೆ?

"ಸುವರ್ಣಕ್ಕಾ, ಸಾಕ್ಷಿ ಹೇಳ್ರಿ," ಎಂದರು ಪಾಸ್ಟರ್. "ಆಮ್ಯಾಲ ಸೋನಾಬಾಯಾರಿಗೆ ಕೈ ಇಟ್ಟು ಪ್ರಾರ್ಥನಾ."

ಸೋನಾಬಾಯಿ ಸೀರೆಯ ಅಂಚನ್ನು ಕಾಲಿನಿಂದ ಸ್ವಲ್ಪ ಸರಿಸಿ, ಕಣ್ಣು ಮುಚ್ಚಿ, ಎರಡೂ ಕೈ ಚಾಚಿ ಕಾದಳು. ಆ ಮುಖದ ಮೇಲಿದ್ದ ನಂಬಿಕೆಯನ್ನು ಸುವರ್ಣಾ ಕಂಡಳು. ಏಳಲು ನೋಡಿದಳು. ಬಲಗೈ ಊರಿದಳು, ಎಡಗೈ ಊರಿದಳು. ಮೊಣಕಾಲು ಇವತ್ತು ಯಾವ ನಾಟಕಕ್ಕೂ ಒಪ್ಪಲಿಲ್ಲ.

"ಪಾಸ್ಟರ್," ಅಂದಳು, "ನನಗ ಏಳಾಕ ಆಗವಲ್ದು. ಆ ಕುರ್ಚಿ ಕೊಡ್ತೀರೇನ್ರಿ?"

ಪ್ರತಾಪ ಪಾಸ್ಟರ್ ಮುಳ್ಳು ಚುಚ್ಚಿದವರಂತೆ ಎದ್ದರು. ಇಬ್ಬರು ರಟ್ಟೆ ಹಿಡಿದು ಎತ್ತಿ ಅವಳನ್ನು ಕೆಂಪು ಕುರ್ಚಿಯಲ್ಲಿ ಕೂರಿಸಿದರು. ಕೂತದ್ದೇ ಅವಳ ಬಾಯಿಂದ, ನಾಲ್ಕು ತಿಂಗಳಲ್ಲಿ ಮೊದಲ ಸಲ ಸಭೆಯವರ ಮುಂದೆ, "ಯಪ್ಪಾ" ಎಂಬ ಉದ್ದನೆಯ ಉಸಿರು ಹೊರಬಂತು.

"ನನ್ನ ಮೊಣಕಾಲ ವಾಸಿ ಆಗಿಲ್ಲ," ಅಂದಳು. "ಹೊಸ ವರ್ಷದ ಹಿಂದಿನ ದಿನ ಇಂಜೆಕ್ಷನ್ ಮಾಡಿಸಿದ್ದೆ. ಅದನ್ನ ಹೇಳಲಿಲ್ಲ. ನಾಕ ದಿನಕ್ಕ ನೋವು ತಿರುಗಿ ಬಂತು, ಅದನ್ನೂ ಹೇಳಲಿಲ್ಲ. ನಿಮ್ಮ ಮುಂದ ಕುಂಟಲಾರದಂಗ ನಡದು ನಡದು ಇನ್ನಷ್ಟು ಕೆಟ್ಟೈತಿ. ಸುಳ್ಳು ಸಾಕ್ಷಿ ಹೇಳೀನಿ. ತಪ್ಪಾತು."

ದಶರಥಣ್ಣ ಕೊಡೆಯನ್ನೇ ನೋಡುತ್ತಿದ್ದರು. ಸೋನಾಬಾಯಿ ಕಣ್ಣು ತೆರೆದಳು.

"ನೋಯತೈತಿ ನಿಂದು?"

"ನೋಯತೈತಿ ಅಕ್ಕಾ."

"ಈಗೂ?"

"ಈಗ ಭಾಳ."

ಸೋನಾಬಾಯಿ ಎರಡೂ ಕೈ ಮೇಲೆತ್ತಿ, ಇಳಿದ ಮುಖವೆಲ್ಲ ಒಮ್ಮೆಲೇ ಅರಳಿಸಿಕೊಂಡು, "ದೇವರಿಗೆ ಸ್ತೋತ್ರ!" ಎಂದು ಕೂಗಿದಳು.

ಮೊದಲು ನಕ್ಕವಳು ಮೇಘಾ, ಬಾಯಿಗೆ ಓಢಣಿ ಒತ್ತಿಕೊಂಡು. ಆಮೇಲೆ ಪಾಸ್ಟರ್. ಆಮೇಲೆ ತಡೆಯಲು ಯಾರೂ ಉಳಿಯಲಿಲ್ಲ. "ನಗಬ್ಯಾಡ್ರಿ," ಎಂದು ಸೋನಾಬಾಯಿ ತಾನೂ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಹೇಳಿದಳು. "ನಾಕ ತಿಂಗಳಾತು, ದೇವರಿಗೆ ನನ್ನ ಮ್ಯಾಲ ಸಿಟ್ಟು ಐತಿ ಅಂತ ಸಾಯಾಕತ್ತಿದ್ದೆ. ಸಿಟ್ಟಿಲ್ಲ ಅಂದ್ರ ಕಾಲ ನೋಯಲಿ ಬಿಡ್ರಿ. ಕಾಲಿಂದೇನೈತಿ, ಮುಪ್ಪಾತು, ನೋಯತಾವು."

"ನಾ ಮೂರೂರಾಗ ಹೇಳೀನಲ್ಲವಾ," ಅಂದರು ದಶರಥಣ್ಣ, ನಗದೆ.

"ಮೂರೂ ಊರಿಗೆ ನಾನ ಬಂದು ಖರೆ ಹೇಳ್ತೀನ್ರಿ ಅಣ್ಣಾರ."

"ಹ್ಯಾಂಗ ಬರ್ತಿ, ಕುಂಟಕೋತ?" ಎಂದು ಸೋನಾಬಾಯಿ ಕೇಳಿದ್ದಕ್ಕೆ ಮತ್ತೆ ನಗು ಎದ್ದಿತು. ದಶರಥಣ್ಣನ ಮೀಸೆಯೂ ಸ್ವಲ್ಪ ಅಲುಗಿತು.

"ಸಾಕ್ಷಿ ಇನ್ನೂ ಮುಗಿದಿಲ್ಲ," ಅಂದಳು ಸುವರ್ಣಾ. ಹೇಳುವ ಮಾತು ಏನೆಂದು ಅವಳಿಗೂ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂತಾಗ ಅದು ತಾನಾಗಿ ಬಂತು. "ಗೋದಾಮಿನ್ಯಾಗ ಮಾಲಾ ಅಂತ ಒಬ್ಬಾಕಿ ಅದಾಳ. ದಿನಾ ಎಲ್ಲಾರಕಿಂತ ಮೊದಲ ಬಂದು ನನಗ ಒಂದು ಕ್ರೇಟು ತೆಗೆದಿಡ್ತಾಳ, ಗೋಣಿಚೀಲ ಮಡಚಿ ಮ್ಯಾಲ ಹಾಕಿ. ಎರಡು ವರ್ಷಾತು, ಒಂದ ದಿನಾನೂ ತಪ್ಪಿಸಿಲ್ಲ. ನಾ ದೇವರಿಗೆ ಕಾಲು ಕೇಳೀನಿ, ದೇವರು ಕ್ರೇಟು ಕಳಿಸ್ಯಾನ. ನಾ ಅದರ ಮ್ಯಾಲನ ಕುಂತು, ಏನೂ ಕೊಟ್ಟಿಲ್ಲ ಅಂತ ಅಳಾಕತ್ತಿದ್ದೆ. ಇಲ್ಲಿ ತನಕ ದೇವರು ನಡೆಸಿದ..." ಅಲ್ಲಿಗೆ ನಿಲ್ಲಿಸಿ ಬಾಗಿಲ ಕಡೆ ತಿರುಗಿದಳು. "ಮುಂದಿಂದು ಹೇಳವಾ ಮೇಘಾ. ನಿನಗ ಬಾಯಿಪಾಠ ಐತಿ."

ಮೇಘಾಳ ಮುಖ ಕೆಂಪಾಯಿತು. "ಮುಂದೂ ನಡಸ್ತಾನ, ಸ್ತೋತ್ರ," ಅಂದಳು, ಈ ಸಲ ಪಿಸುದನಿಯಲ್ಲಿ ಅಲ್ಲ.

ಪಕ್ಕದ ಮನೆಯ ಶಮಾಳಿಂದ ಇನ್ನೊಂದು ಕುರ್ಚಿ ಇಸಿದುಕೊಂಡು ತಂದರು. "ನಗೂ ಸಪ್ಪಳಕ್ಕ ಪ್ರಾರ್ಥನಾ ಮುಗೀತಂತ ಮಾಡಿದ್ದೆ," ಎಂದು ಶಮಾ ಬಾಗಿಲಲ್ಲಿ ಇಣುಕಿ ಹೋದಳು. ಎಲ್ಲರೂ, ಪಾಸ್ಟರೂ ಸೇರಿ, ಚಾಪೆಯ ಮೇಲೆ ಮೊಣಕಾಲೂರಿದರು. ಇಬ್ಬರು ಮಾತ್ರ ಕುರ್ಚಿಗಳಲ್ಲಿ, ಮದುಮಕ್ಕಳಂತೆ ಅಕ್ಕಪಕ್ಕ. ಸುವರ್ಣಾ ಸೋನಾಬಾಯಿಯ ಕಾಲ ಮೇಲೆ ಕೈ ಇಟ್ಟಳು. ಸೋನಾಬಾಯಿ ಅವಳ ಎಡಮೊಣಕಾಲಿನ ಮೇಲೆ ತನ್ನ ಕೈ ಇಟ್ಟಳು. ಬೆಚ್ಚಗಿತ್ತು, ರಾಜಾರಾಮನ ಎಣ್ಣೆಯಷ್ಟೇ. "ಸ್ವಾಮಿ," ಎಂದು ಸುವರ್ಣಾ ಆರಂಭಿಸಿದಳು, "ಸೋನಾಬಾಯಕ್ಕ ನಾಳಿಂದ ಗುಳಿಗಿ ನುಂಗಲಿ. ಆ ಗುಳಿಗೀನೂ ನಿನ್ನ ಕೈಯಿಂದ ಬಂದದ್ದಂತ ಆಕಿಗೂ ತಿಳೀಲಿ, ನನಗೂ ತಿಳೀಲಿ."

ಸೋನಾಬಾಯಿ ಒಂದು ಕಣ್ಣು ತೆರೆದಳು. "ನಾಳಿಂದ ಯಾಕ? ಮೇಘಾ, ಗೂಡಿನ್ಯಾಗ ಐತಿ ನೋಡು, ನೀರು ತಾ."

ಚಹಾ ಆಯಿತು, ಚೂಡಾ ಆಯಿತು, ಸೆರಗಿನ ಗಂಟು ಬಿಚ್ಚಿ ಕರಿ ಮಣೂಕವನ್ನು ಎಲ್ಲರ ಕೈಗೂ ಒಂದೆರಡು ಹಾಕಿದ್ದಾಯಿತು. ಬೆಳಕು ಪೂರ್ತಿ ಆರುವ ಮೊದಲು ವಿಜಯಪುರದ ಬಸ್ಸು ಬಂದು ನಿಂತಿತು. ಸುವರ್ಣಾ ಸುತ್ತ ನೋಡಲಿಲ್ಲ. ಕಂಬಿ ಹಿಡಿದಳು, ಬಲಗಾಲು ಮೊದಲಿಟ್ಟಳು, "ಯಪ್ಪಾ" ಎಂದು ಬೇಕಾದಷ್ಟು ಉದ್ದ ಎಳೆದು, ಎಡಗಾಲನ್ನು ಹಿಂದಿನಿಂದ ಕರೆದುಕೊಂಡಳು. ಸೀಟಿನಲ್ಲಿ ಕೂತು ತಿರುಗಿದರೆ ಕೆಳಗೆ ದಶರಥಣ್ಣ ನಿಂತೇ ಇದ್ದರು. ಅತ್ತ ಇತ್ತ ನೋಡಿದರು. ಆಮೇಲೆ, ನೋಡುವುದನ್ನು ಬಿಟ್ಟು, ಆ ಕರಿ ಕೊಡೆಯ ತುದಿಯನ್ನು ನೆಲಕ್ಕೆ ಗಟ್ಟಿಯಾಗಿ ಊರಿ, ಅದರ ಮೇಲೆ ಇಡೀ ಭಾರ ಹಾಕಿ, ಒಂದು ಮೆಟ್ಟಿಲು ಹತ್ತಿದರು. ನಿಂತು ಉಸಿರು ಬಿಟ್ಟು, ಇನ್ನೊಂದು ಹತ್ತಿದರು.

"ಲಗೂನ ಬರ್ರಿ ಅಜ್ಜಾರ," ಅಂದ ಕಂಡಕ್ಟರ.

"ಬರ್ತೀನಿ ತಡಿಯೋ. ಮೊಣಕಾಲ," ಅಂದರು ದಶರಥಣ್ಣ.

ಸುವರ್ಣಾ ಕಿಟಕಿಯ ಕಡೆ ಸರಿದು ಅವರಿಗೆ ಜಾಗ ಮಾಡಿಕೊಟ್ಟಳು.